ಗಣಕದ ಕಣಜದಲ್ಲಿ ಕಳೆದುಹೋದ ಕಾಗದ

ನಮ್ಮ ಅಜ್ಜಿಯಂದಿರ ಕಾಲದ ಹಿತ್ತಾಳೆಯ ಪಾತ್ರೆಯೊಂದನ್ನು ಅಟ್ಟದಿಂದ ಇಳಿಸಿ ಅದರ ಕಂಠದ ಸುತ್ತ ಕಣ್ಣಾಡಿಸಿದರೆ, ಹುಣಿಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಅರ್ಧ ಸವೆದುಹೋಗಿದ್ದರೂ, ಒಂದು ಸಾಲು ಬರವಣಿಗೆ ಕಾಣಸಿಗುವುದುಂಟು. ಕೊಟ್ಟವರ ಹೆಸರಿನ ಮೊದಲಕ್ಷರಗಳು, ಯಾರ ಮದುವೆಗೆ ಕೊಟ್ಟದ್ದೋ ಅವರ ಹೆಸರು, ಒಂದು ತಾರೀಖು. ಪಾತ್ರೆಯೊಳಗೆ ಏನಿದೆಯೆಂಬುದನ್ನು ಆ ಅಕ್ಷರಗಳು ಹೇಳುವುದಿಲ್ಲ. ಪಾತ್ರೆಯು ಯಾರದು, ಎಲ್ಲಿಂದ ಬಂತು, ಯಾವಾಗ ಬಂತು ಎಂಬುದನ್ನು ಮಾತ್ರ ಹೇಳುತ್ತವೆ. ನೆರೆಹೊರೆಯ ಹತ್ತು ಮನೆಗಳ ಪಾತ್ರೆಗಳು ಒಂದೇ ಬಚ್ಚಲಲ್ಲಿ ರಾಶಿ ಬೀಳುತ್ತಿದ್ದ ಮದುವೆಯ ಮನೆಗಳಲ್ಲಿ ಆ ಒಂದು ಸಾಲು ಎಷ್ಟು ಜಗಳಗಳನ್ನು ತಪ್ಪಿಸಿರಬೇಕು!

ಇಂದಿನ ನಗರದ ಮನೆಗಳಲ್ಲಿ ಅಟ್ಟವೂ ಇಲ್ಲ, ಅಟ್ಟಕ್ಕೇರಿಸತಕ್ಕ ಪಾತ್ರೆಗಳೂ ಅಷ್ಟಾಗಿ ಇಲ್ಲ. ಹಾಗೆಂದು ಸಾಮಾನಿನ ರಾಶಿ ಕರಗಿತೆಂದು ಯಾರೂ ಭಾವಿಸಬೇಕಾಗಿಲ್ಲ. ಅದು ಅಂಗೈಯಗಲದ ಮೊಬೈಲಿನೊಳಕ್ಕೂ ಮೇಜಿನ ಮೇಲಿನ ಗಣಕಯಂತ್ರದೊಳಕ್ಕೂ ಇಳಿದು ಕುಳಿತಿದೆ, ಅಷ್ಟೆ. ಸಾವಿರಗಟ್ಟಲೆ ಫೋಟೋಗಳು, ಆಸ್ಪತ್ರೆಯ ವರದಿಗಳು, ವಿಮೆಯ ಪಾಲಿಸಿ, ಮಕ್ಕಳ ಅಂಕಪಟ್ಟಿ, ಮನೆಯ ಕ್ರಯಪತ್ರದ ಸ್ಕ್ಯಾನ್ ಪ್ರತಿ, ಕಂದಾಯ ಕಟ್ಟಿದ ರಸೀದಿ. ಅವುಗಳ ಹೆಸರುಗಳೋ? 'ಸ್ಕ್ಯಾನ್ 0047', 'ಡಾಕ್ಯುಮೆಂಟ್ 1', 'ಫೈನಲ್', ಅದಾದ ಮೇಲೆ 'ಫೈನಲ್ ಫೈನಲ್'. ಮನೆಯ ಹಿರಿಯರು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಲಗಿರುವಾಗ, ಮಗಳು ಹೊರಗಿನ ಬೆಂಚಿನ ಮೇಲೆ ಕುಳಿತು ಪಾಲಿಸಿಯ ಪ್ರತಿಗಾಗಿ ಮೊಬೈಲಿನ ಚಿತ್ರಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸುತ್ತ ಹೋಗುವ ದೃಶ್ಯ ಈಗ ಅಪರೂಪವಲ್ಲ. ಕಾಗದ ಇದೆ, ಇದ್ದೂ ಇಲ್ಲದಂತಾಗಿದೆ.

ಈ ತೊಡಕಿಗೆ ಗಣಕಶಾಸ್ತ್ರದವರು ಇಟ್ಟುಕೊಂಡಿರುವ ಮದ್ದಿಗೆ 'ಮೆಟಾಡೇಟಾ' ಎಂದು ಹೆಸರು. 'ದತ್ತಾಂಶವನ್ನು ಕುರಿತ ದತ್ತಾಂಶ' ಎಂದು ಅದರ ಅರ್ಥವನ್ನು ಹೇಳುವುದುಂಟು. ಕೇಳುವುದಕ್ಕೆ ಇದು ತರ್ಕಶಾಸ್ತ್ರದ ಒಗಟಿನಂತಿದೆ. ಪಾತ್ರೆಯ ಕಂಠದ ಮೇಲಿನ ಅಕ್ಷರಗಳನ್ನು ನೆನೆದರೆ ಒಗಟು ಬಿಡುತ್ತದೆ. ಕಾಗದದಲ್ಲಿ ಬರೆದಿರುವುದು ಒಂದು. ಆ ಕಾಗದವು ಯಾರದು, ಏತಕ್ಕೆ ಸಂಬಂಧಿಸಿದ್ದು, ಯಾವ ತಾರೀಖಿನದು, ಮೂಲಪ್ರತಿ ಎಲ್ಲಿದೆ ಎಂಬುದು ಇನ್ನೊಂದು. ಈ ಎರಡನೆಯದನ್ನೇ ನಾವು ಇಲ್ಲಿ 'ಗುರುತಿನ ವಿವರ' ಎಂದು ಕರೆಯೋಣ.

ತಾಳೆಯೋಲೆಯ ಕೊನೆಯ ಗರಿ

ಹೆಸರು ಹೊಸದಾದರೂ ವಸ್ತು ಬಹಳ ಹಳೆಯದು. ಓಲೆಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕಡೆಯ ಗರಿಯಲ್ಲಿ ತಮ್ಮದೇ ಆದ ನಾಲ್ಕು ಮಾತುಗಳನ್ನು ಸೇರಿಸುತ್ತಿದ್ದುದುಂಟು. ಇಂಥ ಸಂವತ್ಸರ, ಇಂಥ ಮಾಸ, ಇಂಥ ಪಕ್ಷದ ಇಂಥ ತಿಥಿಯಂದು, ಇಂಥವರಿಗಾಗಿ, ಇಂಥವನು ಬರೆದು ಮುಗಿಸಿದನು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕು. ಕಾವ್ಯಕ್ಕೂ ಈ ಮಾತುಗಳಿಗೂ ಯಾವ ಸಂಬಂಧವೂ ಇಲ್ಲ. ಆದರೆ ಗ್ರಂಥಸಂಪಾದನೆಗೆ ಕುಳಿತ ವಿದ್ವಾಂಸರು ಮೊದಲು ಹುಡುಕುವುದು ಅವನ್ನೇ.

ಇಲ್ಲಿ ಒಂದು ಸ್ವಾರಸ್ಯವುಂಟು. ನಮ್ಮ ಸಂವತ್ಸರಗಳು 60. ಚಕ್ರ ತಿರುಗಿ ಅದೇ ಹೆಸರು ಮತ್ತೆ ಬರುತ್ತದೆ. ಲಿಪಿಕಾರನು 'ವಿಕ್ರಮ ಸಂವತ್ಸರ' ಎಂದಷ್ಟೇ ಬರೆದು ಬಿಟ್ಟಿದ್ದರೆ ಅದು ಯಾವ ವಿಕ್ರಮ? ಕಳೆದ ಸುತ್ತಿನದೋ, ಅದರ ಹಿಂದಿನ ಸುತ್ತಿನದೋ, ಅದಕ್ಕೂ ಹಿಂದಿನದೋ? ಎಚ್ಚರವುಳ್ಳವನು ಜೊತೆಗೆ ಶಕವರ್ಷವನ್ನೂ ಸೇರಿಸಿ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡುತ್ತಿದ್ದನು. ಇಂದು ನಾವು ರಸೀದಿಯ ಮೇಲೆ '05-06-21' ಎಂದು ಗೀಚುವಾಗ ಮಾಡುವುದು ಆ ಮೊದಲನೆಯ ಲಿಪಿಕಾರನ ಕೆಲಸವನ್ನೇ. ಅದು ಜೂನ್ ಐದೋ, ಅಮೆರಿಕದವರ ಕ್ರಮದಂತೆ ಮೇ ಆರೋ, 21 ಎಂಬುದು ಯಾವ ಶತಮಾನದ್ದೋ, ಓದುವವನು ಊಹಿಸಬೇಕು.

ಬಿ. ಎಲ್. ರೈಸ್ ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಪ್ರಾಕ್ತನಶಾಸ್ತ್ರ ಇಲಾಖೆಯ ಮುಖ್ಯಸ್ಥರಾಗಿ ಅವರು ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಡಕವಾಗಿವೆ. ಊರೂರಿನ ಹೊಲದ ಬದುವಿನಲ್ಲಿ, ಗುಡಿಯ ಹಿಂಬದಿಯಲ್ಲಿ, ಕೆರೆಯ ಏರಿಯ ಮೇಲೆ ಬಿದ್ದಿದ್ದ ಕಲ್ಲುಗಳು ಅವು. ರೈಸ್ ಅವರು ಶಾಸನಗಳನ್ನು ಜಿಲ್ಲೆಗೊಂದು ಸಂಪುಟವಾಗಿ, ತಾಲ್ಲೂಕಿಗೊಂದು ಸಂಖ್ಯಾಕ್ರಮವಾಗಿ ವಿಂಗಡಿಸಿದರು. ತಾಲ್ಲೂಕಿನ ಹೆಸರು, ಅದರ ಮುಂದೊಂದು ಅಂಕೆ. ಇಷ್ಟು ಹೇಳಿದರೆ ಲಂಡನ್ನಿನಲ್ಲಿ ಕುಳಿತ ವಿದ್ವಾಂಸನೂ ಧಾರವಾಡದಲ್ಲಿ ಕುಳಿತ ವಿದ್ವಾಂಸನೂ ಅದೇ ಕಲ್ಲನ್ನು ಕುರಿತು ಮಾತನಾಡುತ್ತಿದ್ದಾರೆಂಬುದು ಖಚಿತ. ಶಾಸನವನ್ನು ಓದಿದ ವಿದ್ವತ್ತನ್ನು ನಾವು ಹೊಗಳುತ್ತೇವೆ. ಅಂಕೆ ಕೊಟ್ಟ ವಿವೇಕವನ್ನು ಗಮನಿಸುವುದು ಕಡಿಮೆ.

ಶತಮಾನ ಕಳೆದ ಮೇಲೆ ಕರ್ನಾಟಕ ಸರ್ಕಾರವು ರೈತರ ಪಹಣಿಗಳನ್ನು 'ಭೂಮಿ' ಎಂಬ ಯೋಜನೆಯಡಿ ಗಣಕಕ್ಕೆ ಏರಿಸಿದಾಗಲೂ ಕೀಲಿಕೈ ಇದೇ ಜಾತಿಯದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಇಷ್ಟನ್ನು ಒತ್ತಿದರೆ ಸುಮಾರು ಎರಡು ಕೋಟಿ ದಾಖಲೆಗಳ ನಡುವಿನಿಂದ ಬೇಕಾದ ಒಂದು ಹಾಳೆ ಎದ್ದು ಬರುತ್ತದೆ. ಒಂದು ಅಂಕೆ ತಪ್ಪಿದರೆ ಪಕ್ಕದವನ ಹೊಲ ಬರುತ್ತದೆ!

ಆಟಿಕೆಯ ಅಂಗಡಿಯಲ್ಲಿ ಹೊಳೆದದ್ದು

ಈ ಶಾಸ್ತ್ರದ ಭೀಷ್ಮರೆನ್ನಬಹುದಾದ ಒಬ್ಬರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರೆಂಬುದು ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಹುಟ್ಟಿದ್ದು 1892ರಲ್ಲಿ, ತಂಜಾವೂರು ಸೀಮೆಯಲ್ಲಿ. ಓದಿದ್ದೂ ಕಲಿಸಿದ್ದೂ ಗಣಿತ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ನೇಮಕವಾದ ಮೇಲೆ ಆ ವಿದ್ಯೆಯನ್ನು ಕಲಿಯಲೆಂದು ಲಂಡನ್ನಿಗೆ ಹೋದರು. ಅಲ್ಲಿನ ಗ್ರಂಥಾಲಯಗಳಲ್ಲಿ ಅವರಿಗೆ ಒಂದು ಸಂಗತಿ ಸರಿಬೀಳಲಿಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲೇ ಕೊರೆದಿಟ್ಟ ಗೂಡುಗಳು. ಪುಸ್ತಕವನ್ನು ಯಾವುದೋ ಒಂದು ಗೂಡಿನಲ್ಲಿ ತುರುಕಬೇಕು. ಎರಡು ಮೂರು ವಿಷಯಗಳನ್ನು ಹೆಣೆದುಕೊಂಡ ಪುಸ್ತಕ ಬಂದರೆ ಏನು ಮಾಡಬೇಕು?

ಉತ್ತರ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ಸೆಲ್‌ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ. ಅಲ್ಲಿ 'ಮೆಕ್ಯಾನೊ' ಎಂಬ ಆಟಿಕೆಯನ್ನು ತೋರಿಸುತ್ತಿದ್ದರು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ತಿರುಪುಗಳು. ಅವೇ ತುಂಡುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಎಷ್ಟೋ ಬಗೆಯ ಆಟಿಕೆಗಳನ್ನು ಮಾಡಬಹುದು. ಹಾಗಾದರೆ ವಿಷಯವನ್ನೂ ಸಿದ್ಧಗೂಡಿಗೆ ತುರುಕದೆ ಬಿಡಿಭಾಗಗಳಿಂದ ಏಕೆ ಜೋಡಿಸಬಾರದು? ಈ ಯೋಚನೆಯ ಫಲವೇ 1933ರಲ್ಲಿ ಪ್ರಕಟವಾದ 'ಕೋಲನ್ ವರ್ಗೀಕರಣ'. ಪ್ರತಿಯೊಂದು ವಿಷಯಕ್ಕೂ ಐದು ಮುಖಗಳೆಂದು ಅವರು ಕಂಡುಕೊಂಡರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಬಿಡಿ ಅಂಶಗಳನ್ನು ಸೇರಿಸುವ ಬೆಸುಗೆ ಕೋಲನ್ ಎಂಬ ಎರಡು ಚುಕ್ಕಿ.

ಇಂದು ಮೊಬೈಲಿನಲ್ಲಿ ಸೀರೆ ಕೊಳ್ಳುವ ಗೃಹಿಣಿಯು 'ರೇಷ್ಮೆ', 'ಹಸುರು', 'ಐದು ಸಾವಿರದೊಳಗೆ' ಎಂದು ಒಂದಾದ ಮೇಲೊಂದು ಗುಂಡಿಯನ್ನೊತ್ತಿ ಸಾವಿರ ಸೀರೆಗಳನ್ನು ಹನ್ನೆರಡಕ್ಕೆ ಇಳಿಸುತ್ತಾಳಲ್ಲವೇ? ಹಲವು ಮುಖಗಳಿಂದ ಹಿಡಿಯುವ ಈ ರೀತಿಯ ಹಿಂದೆ ರಂಗನಾಥನ್ ಅವರ ಯೋಚನೆಯಿದೆ. ಗ್ರಂಥಾಲಯವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಬರೆದಾಗ ಅವರು ನಾಲ್ಕನೆಯದಾಗಿ ಇಟ್ಟದ್ದು ಓದುಗನ ಸಮಯವನ್ನು ಉಳಿಸಬೇಕೆಂಬುದನ್ನು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಆರಂಭಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಇಂದಿಗೂ ನಡೆಯುತ್ತಿದೆ. 1972ರಲ್ಲಿ ಅವರು ಇದೇ ಊರಿನಲ್ಲಿ ತೀರಿಕೊಂಡರು.

ಮನೆಯ ಕಾಗದಗಳಿಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ. ಅಪ್ಪನ ಹೃದಯ ಪರೀಕ್ಷೆಯ ಬಿಲ್ಲನ್ನು ಗಣಕದಲ್ಲಿ ಯಾವ ಫೋಲ್ಡರಿಗೆ ಹಾಕುವುದು? 'ಅಪ್ಪ' ಎಂಬುದಕ್ಕೋ, 'ಆಸ್ಪತ್ರೆ'ಗೋ, 'ವಿಮೆ'ಗೋ, 'ವರಮಾನ ತೆರಿಗೆ'ಗೋ? ಫೋಲ್ಡರೆಂಬುದು ಡ್ಯೂಯಿಯ ಗೂಡು. ಒಂದರಲ್ಲಿಟ್ಟರೆ ಉಳಿದ ಮೂರರಲ್ಲಿ ಇಲ್ಲ. ಇಟ್ಟ ದಿನ 'ಆಸ್ಪತ್ರೆ' ಎಂದು ತೋರಿದ್ದು ಹುಡುಕುವ ದಿನ 'ತೆರಿಗೆ' ಎಂದು ತೋರುತ್ತದೆ. ಅದರ ಬದಲು ಆ ಬಿಲ್ಲಿಗೆ ನಾಲ್ಕು ಗುರುತುಗಳನ್ನೂ ಅಂಟಿಸಿಬಿಟ್ಟರೆ ಯಾವ ಬಾಗಿಲಿನಿಂದ ಹೋದರೂ ಅದು ಸಿಕ್ಕುತ್ತದೆ.

ಗ್ರಂಥಾಲಯದ ಚೀಟಿಗಳು ಯಂತ್ರದ ಭಾಷೆಗೆ ಇಳಿದ ಕಥೆಯನ್ನು ಚುಟುಕಾಗಿ ಹೇಳಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಏವ್ರಮ್ ಎಂಬ ಮಹಿಳೆ 1960ರ ದಶಕದಲ್ಲಿ ಸೂಚೀಪತ್ರದ ಪ್ರತಿಯೊಂದು ಅಂಶಕ್ಕೂ ಸಂಖ್ಯೆ ಕೊಟ್ಟು 'ಮಾರ್ಕ್' ಎಂಬ ವ್ಯವಸ್ಥೆಯನ್ನು ಕಟ್ಟಿದರು. ಮುಂದೆ ಅಂತರಜಾಲ ಬಂದು, ಗ್ರಂಥಪಾಲರ ತರಬೇತಿಯಿಲ್ಲದವರೂ ದಾಖಲೆಗಳನ್ನು ಪ್ರಕಟಿಸತೊಡಗಿದಾಗ, ಸರಳವಾದ ಪಟ್ಟಿಯೊಂದು ಬೇಕಾಯಿತು. 1995ರಲ್ಲಿ ಡಬ್ಲಿನ್ನಿನಲ್ಲಿ (ಐರ್ಲೆಂಡಿನದಲ್ಲ, ಅಮೆರಿಕದ ಒಹಾಯೊ ರಾಜ್ಯದ ಊರು) ಸೇರಿದ ಸಭೆಯಿಂದ ಅದು ಮೊದಲಾಯಿತು. ಕೊನೆಗೆ ನೆಲೆನಿಂತ ಅಂಶಗಳು 15: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕ, ತಾರೀಖು, ಭಾಷೆ, ಹಕ್ಕು ಮೊದಲಾದುವು. ಓಲೆಯ ಲಿಪಿಕಾರನಿಗೆ ತೋರಿಸಿದ್ದರೆ ಇದರಲ್ಲಿ ಹೊಸದೇನಿದೆ ಎಂದು ಕೇಳುತ್ತಿದ್ದನೇನೋ.

ಒಬ್ಬರೇ ವ್ಯಕ್ತಿ, ಹಲವು ಹೆಸರು

ಪಟ್ಟಿ ಇದ್ದರಾಯಿತೇ? ಅದರಲ್ಲಿ ತುಂಬುವ ಹೆಸರು ಒಂದೇ ಆಗಿರಬೇಕು. ಗ್ರಂಥಪಾಲರು ಅತಿಯಾಗಿ ತಲೆ ಕೆಡಿಸಿಕೊಂಡಿರುವುದು ಈ ವಿಷಯದಲ್ಲಿಯೇ. ಕೆ. ವಿ. ಪುಟ್ಟಪ್ಪ ಎಂದು ಹುಡುಕಿದವನಿಗೆ ಕುವೆಂಪು ಸಿಕ್ಕಬೇಕು. ಅಂಬಿಕಾತನಯದತ್ತ ಎಂದವನಿಗೆ ಬೇಂದ್ರೆ ಸಿಕ್ಕಬೇಕು. ಆದ್ಯ ರಂಗಾಚಾರ್ಯರೂ ಶ್ರೀರಂಗರೂ ಇಬ್ಬರಲ್ಲವೆಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಆದುದರಿಂದ ಒಂದು ಹೆಸರನ್ನು ಮುಖ್ಯವೆಂದು ಗೊತ್ತುಮಾಡಿ, ಉಳಿದ ಹೆಸರುಗಳಿಂದ ಅದಕ್ಕೆ ದಾರಿ ತೋರಿಸುವ ಒಂದು ಪ್ರತ್ಯೇಕ ದಾಖಲೆಯನ್ನು ಗ್ರಂಥಾಲಯಗಳು ಇಟ್ಟುಕೊಳ್ಳುತ್ತವೆ.

ಇದು ಸಾಹಿತಿಗಳ ಕಷ್ಟ ಮಾತ್ರವೆಂದು ತಿಳಿಯಬೇಡಿ. ಶಾಲೆಯ ದಾಖಲೆಯಲ್ಲಿ ಲಕ್ಷ್ಮೀದೇವಮ್ಮ, ಮದುವೆಯ ನಂತರದ ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಗಂಡನ ಮೊದಲಕ್ಷರದೊಡನೆ ಎಲ್. ದೇವಿ. ಮೂವರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿಕೊಂಡು ಓಡಾಡುವ ಮುದುಕಿಯರನ್ನು ನಾವು ಕಂಡಿಲ್ಲವೇ? ಪಿಂಚಣಿ ನಿಲ್ಲುವುದು, ಆಸ್ತಿಯ ಖಾತೆ ಬದಲಾಗದಿರುವುದು, ಎಷ್ಟೋ ವೇಳೆ ಇಷ್ಟು ಸಣ್ಣ ಕಾರಣಕ್ಕೆ.

ಊರಿನ ಹೆಸರುಗಳ ಪಾಡೂ ಇದೇ. 1973ರ ನವೆಂಬರ್ ಒಂದಕ್ಕೆ ಮುಂಚಿನ ಸರ್ಕಾರಿ ಕಾಗದದಲ್ಲಿ ನಮ್ಮ ರಾಜ್ಯದ ಹೆಸರು ಮೈಸೂರು. 2014ರ ನವೆಂಬರಿಗೆ ಮುಂಚಿನ ಇಂಗ್ಲಿಷ್ ಕಾಗದದಲ್ಲಿ ನಮ್ಮ ರಾಜಧಾನಿ ಬ್ಯಾಂಗಲೋರ್, ಆಮೇಲಿನದರಲ್ಲಿ ಬೆಂಗಳೂರು. ಇಂದಿನ ಹೆಸರಿನಿಂದ ಮಾತ್ರ ಹುಡುಕಿದರೆ ತಾತ ಕೊಂಡ ನಿವೇಶನದ ಪತ್ರ ಸಿಕ್ಕದೆ ಹೋಗಬಹುದು.

ಕನ್ನಡಕ್ಕೆ ಇನ್ನೊಂದು ತಾಪತ್ರಯವುಂಟು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರಕಿತಾದರೂ, ಅದು ಬಳಕೆಗೆ ಬರುವ ಮುಂಚೆ, ಬಂದ ಮೇಲೂ ಬಹುಕಾಲ, ನಮ್ಮ ಅಚ್ಚುಕೂಟಗಳೂ ಕಚೇರಿಗಳೂ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ತೊಡಿಸಿದ ಫಾಂಟುಗಳನ್ನು ಬಳಸಿದುವು. ಪರದೆಯ ಮೇಲೆ ಕಾಣುವುದು ಕನ್ನಡ; ಒಳಗಿರುವುದು ಅರ್ಥವಿಲ್ಲದ ಗುರುತುಗಳು. ಫಾಂಟು ಕಳಚಿದರೆ ವೇಷ ಕಳಚಿತು. ಅಂಥ ಕಡತದಲ್ಲಿ 'ಕಾವೇರಿ' ಎಂದು ಹುಡುಕಿದರೆ ಯಂತ್ರವು ಇಲ್ಲವೆಂದೇ ಹೇಳುತ್ತದೆ, ಕಣ್ಣೆದುರಿಗೆ ಹತ್ತು ಕಡೆ ಕಾವೇರಿ ಹರಿಯುತ್ತಿದ್ದರೂ! ಸ್ಕ್ಯಾನ್ ಮಾಡಿದ ಪುಟವಂತೂ ಬರಿಯ ಚಿತ್ರ. ಚಿತ್ರದಿಂದ ಅಕ್ಷರಗಳನ್ನು ಓದಿಕೊಳ್ಳುವ ಯಂತ್ರವಿದ್ಯೆ ಈಗ ಕನ್ನಡಕ್ಕೂ ಬಂದಿದೆ. ಹಳೆಯ ಅಚ್ಚಿನ ಒತ್ತಕ್ಷರಗಳ ಮುಂದೆ ಅದು ಇನ್ನೂ ಎಡವುತ್ತದೆ. ಕಡತದ ಒಳಗೆ ಹುಡುಕಲಾಗದಿದ್ದಾಗ ಅದರ ಹೊರಗೆ ಅಂಟಿಸಿದ ಗುರುತಿನ ವಿವರವೊಂದೇ ಗತಿ.

ಫ್ಲಾಪಿ ಹೇಳಿದ ಚಾಡಿ

ನಾವು ಬರೆಯದಿದ್ದರೂ ಯಂತ್ರವು ತಾನಾಗಿ ಬರೆದುಕೊಳ್ಳುವ ವಿವರಗಳುಂಟು. ಅವು ಎಂಥ ಚಾಡಿಕೋರವೆಂಬುದಕ್ಕೆ ಅಮೆರಿಕದ ಕ್ಯಾನ್ಸಾಸ್ ರಾಜ್ಯದ ವಿಚಿಟಾ ನಗರದ ಒಂದು ಮೊಕದ್ದಮೆ ಸಾಕ್ಷಿ.

1974ರಿಂದ 1991ರವರೆಗೆ ಆ ಪ್ರದೇಶದಲ್ಲಿ ಹತ್ತು ಕೊಲೆಗಳಾದುವು. ಕೊಲೆಗಾರನು ಪತ್ರಿಕೆಗಳಿಗೂ ಪೊಲೀಸರಿಗೂ ಅಣಕದ ಪತ್ರಗಳನ್ನು ಕಳಿಸುತ್ತಿದ್ದನೇ ಹೊರತು ಸಿಕ್ಕಲಿಲ್ಲ. ಬಹುಕಾಲ ಸುಮ್ಮನಿದ್ದು 2004ರಲ್ಲಿ ಮತ್ತೆ ಪತ್ರ ಬರೆಯತೊಡಗಿದನು. ಫ್ಲಾಪಿ ಡಿಸ್ಕಿನಲ್ಲಿ ಬರೆದು ಕಳಿಸಿದರೆ ತನ್ನನ್ನು ಪತ್ತೆ ಹಚ್ಚಬಹುದೇ ಎಂದು ಪೊಲೀಸರನ್ನೇ ಕೇಳಿದನು! ಪತ್ರಿಕೆಯ ಜಾಹೀರಾತಿನ ಮೂಲಕ, ಏನೂ ಆಗದೆಂದು ಅವರು ಉತ್ತರ ಕೊಟ್ಟರು. 2005ರ ಫೆಬ್ರವರಿಯಲ್ಲಿ ಫ್ಲಾಪಿ ಒಂದು ದೂರದರ್ಶನ ಕೇಂದ್ರಕ್ಕೆ ಬಂದಿತು. ಅದರಲ್ಲಿ ಅಳಿಸಿಹಾಕಿದ್ದ ಕಡತವೊಂದರ ಗುರುತಿನ ವಿವರವನ್ನು ತಜ್ಞರು ಎತ್ತಿ ನೋಡಿದರು. ಒಂದು ಚರ್ಚಿನ ಹೆಸರು. ಕಡೆಯದಾಗಿ ತಿದ್ದಿದವನು 'ಡೆನ್ನಿಸ್'. ಅಂತರಜಾಲದಲ್ಲಿ ಆ ಚರ್ಚನ್ನು ಹುಡುಕಿದರೆ ಅದರ ಆಡಳಿತ ಮಂಡಲಿಯ ಅಧ್ಯಕ್ಷನು ಡೆನ್ನಿಸ್ ರೇಡರ್. ಕೆಲವೇ ದಿನಗಳಲ್ಲಿ ಬಂಧನವಾಯಿತು. ರಕ್ತಸಂಬಂಧದ ಪರೀಕ್ಷೆಯೂ ಅದನ್ನೇ ಹೇಳಿತು. ಹತ್ತು ಜೀವಾವಧಿ ಶಿಕ್ಷೆಗಳಾದುವು. ಮೂವತ್ತು ವರ್ಷ ಕಾಲ ಪೊಲೀಸರಿಂದ ತಪ್ಪಿಸಿಕೊಂಡವನನ್ನು ಕಡತದ ಅಂಚಿನ ಎರಡು ಮಾತುಗಳು ಹಿಡಿದುಕೊಟ್ಟುವು.

ಕೊಲೆಗಾರನ ವಿಷಯದಲ್ಲಿ ಇದು ಒಳ್ಳೆಯದೇ ಆಯಿತು. ಆದರೆ ಮೊಬೈಲಿನಲ್ಲಿ ತೆಗೆದ ಫೋಟೋದೊಳಗೂ ತಾರೀಖು, ಗಂಟೆ, ಕ್ಯಾಮೆರಾದ ಹೆಸರು ಸೇರುತ್ತವೆ. ಸ್ಥಳದ ಗುರುತನ್ನು ಬರೆಯಲು ಅನುಮತಿಯಿದ್ದರೆ ಅಕ್ಷಾಂಶ ರೇಖಾಂಶಗಳೂ ಸೇರುತ್ತವೆ. ಮಗುವಿನ ಚಿತ್ರವನ್ನು ಅಪರಿಚಿತರಿಗೆ ಮೂಲಪ್ರತಿಯಾಗಿಯೇ ಕಳಿಸಿದರೆ ಮನೆಯ ವಿಳಾಸವನ್ನೂ ಕಳಿಸಿದಂತಾಗಬಹುದು. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಉಂಟು: ವಾಟ್ಸ್ಆ್ಯಪ್ ಮೂಲಕ ಚಿತ್ರವಾಗಿ ಕಳಿಸಿದಾಗ ಈ ವಿವರಗಳು ಕಳಚಿಹೋಗುತ್ತವೆ. ಸುರಕ್ಷತೆಗೆ ಲಾಭ, ಸಂಗ್ರಹಕ್ಕೆ ನಷ್ಟ. ಅಣ್ಣನ ಮಗಳ ಮದುವೆಯ ಚಿತ್ರಗಳನ್ನು ಹಾಗೆ ತರಿಸಿಕೊಂಡವರ ಬಳಿ ಉಳಿಯುವುದು ಚಿತ್ರ ಬಂದು ತಲುಪಿದ ದಿನ ಮಾತ್ರ, ಮದುವೆಯ ದಿನವಲ್ಲ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ವಿವರಗಳು ಉಳಿಯುತ್ತವೆ.

ಭಾನುವಾರದ ಮಧ್ಯಾಹ್ನಕ್ಕೆ ಒಂದು ಕೆಲಸ

ಇಷ್ಟೆಲ್ಲ ಕೇಳಿದ ಮೇಲೆ, ಮನೆಯನ್ನೇ ಗ್ರಂಥಾಲಯ ಮಾಡಬೇಕೇ ಎಂದು ಕೆಲವರು ಗಾಬರಿಯಾಗಬಹುದು. ಬೇಡ. ಹದಿನೈದು ಅಂಶಗಳ ಪಟ್ಟಿ ಮಾಡಿಕೊಂಡು ಮೂರು ದಿನ ತುಂಬಿ ನಾಲ್ಕನೆಯ ದಿನ ಕೈಬಿಡುವುದಕ್ಕಿಂತ, ಕಡತದ ಹೆಸರಿನಲ್ಲಿಯೇ ಮೂರು ನಾಲ್ಕು ಅಂಶಗಳನ್ನು ಹೇಳಿಬಿಡುವುದು ಲೇಸು. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. 1988ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಗೊತ್ತುಮಾಡಿದ ಕ್ರಮವಿದು. '2019-03-14 ಕ್ರಯಪತ್ರ ಅಪ್ಪ ಮೈಸೂರು ನಿವೇಶನ' ಎಂದಿಟ್ಟರೆ, ಯಂತ್ರವು ಹೆಸರಿನ ಅನುಕ್ರಮದಲ್ಲಿ ಜೋಡಿಸಿದಾಗ ಕಾಲದ ಅನುಕ್ರಮವೂ ತಾನಾಗಿ ಬರುತ್ತದೆ. ಯಂತ್ರ ತೋರಿಸುವ ತಾರೀಖನ್ನು ನಂಬಿ ಹೆಸರಿನಲ್ಲಿ ಬರೆಯದೆ ಬಿಡುವುದು ಜಾಣತನವಲ್ಲ. ಹೊಸ ಗಣಕಕ್ಕೆ ನಕಲು ಮಾಡಿದಾಗ ನಕಲಾದ ದಿನವೇ ಹುಟ್ಟಿದ ದಿನವಾಗಿ ಕುಳಿತುಬಿಡುವುದುಂಟು. ಮನೆಯವರೆಲ್ಲ ಒಂದೇ ಪದವನ್ನು ಬಳಸಬೇಕೆಂಬುದೂ ಮುಖ್ಯ. ಒಬ್ಬರು 'ಆಸ್ಪತ್ರೆ', ಇನ್ನೊಬ್ಬರು 'ಹಾಸ್ಪಿಟಲ್', ಮತ್ತೊಬ್ಬರು 'ಮೆಡಿಕಲ್' ಎಂದು ಬರೆದರೆ ಮೊದಲಿನ ಗೊಂದಲವೇ ವಾಸಿ.

ಫೋಟೋಗಳ ವಿಷಯಕ್ಕೆ ಮಾತ್ರ ತುಸು ಹೆಚ್ಚಿನ ಶ್ರಮ ಬೇಕು. ಕಳೆದುಹೋದ ರಸೀದಿಯನ್ನು ಕಚೇರಿಯಿಂದ ಮತ್ತೆ ತರಬಹುದು. ಫೋಟೋದಲ್ಲಿರುವ ಮುಖದ ಹೆಸರನ್ನು ತರಲು ಯಾವ ಕಚೇರಿಯೂ ಇಲ್ಲ. ಒಂದೇ ಮುಖವಿರುವ ಚಿತ್ರಗಳನ್ನೆಲ್ಲ ಒಟ್ಟುಗೂಡಿಸುವ ಚಾತುರ್ಯ ಇಂದಿನ ಯಂತ್ರಗಳಿಗೆ ಬಂದಿದೆ. ಆದರೆ ಆ ಮುಖ ದೊಡ್ಡಮ್ಮನದೋ, ದೊಡ್ಡಮ್ಮನ ನಾದಿನಿಯದೋ ಎಂಬುದನ್ನು ಯಾರಾದರೂ ಹೇಳಿಕೊಡದೆ ಅದಕ್ಕೆ ತಿಳಿಯುವುದಿಲ್ಲ. ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ, ಅವರಿಗೆ ವಯಸ್ಸಾಗಿರುತ್ತದೆ.

ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡುವವರು ಮುಂಬದಿಯ ಜೊತೆಗೆ ಹಿಂಬದಿಯನ್ನೂ ಮಾಡಬೇಕು. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ತಾರೀಖು, ಯಾರೋ ಯಾರಿಗೋ ಕಳಿಸಿದ ಒಕ್ಕಣೆ ಇರುವುದು ಅಲ್ಲಿಯೇ. ಅನಂತರ ಚಿತ್ರವನ್ನು ಗಣಕದ ಪರದೆಯ ಮೇಲೆ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿ, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು. ನಿಂತವರನ್ನು ಬೇರೆ, ಕುಳಿತವರನ್ನು ಬೇರೆ. 'ಅತ್ತೆ', 'ಮಾವ' ಎಂದಷ್ಟೇ ಬರೆದರೆ ಮುಂದಿನ ತಲೆಮಾರಿಗೆ ಅದು ಯಾರ ಅತ್ತೆಯೆಂಬುದು ತಿಳಿಯದು. ಪೂರ್ಣ ಹೆಸರು, ಊರು, ಸಂಬಂಧ ಮೂರೂ ಇರಲಿ. ಗೊತ್ತಿಲ್ಲದ ಮುಖಕ್ಕೆ ಊಹೆಯ ಹೆಸರು ಕೊಡದೆ 'ತಿಳಿಯದು' ಎಂದು ಬರೆಯುವುದೇ ಸರಿ. ಈ ವಿವರವನ್ನು ಚಿತ್ರದ ಕಡತದೊಳಗೇ ಬರೆದಿಡುವ ಸೌಲಭ್ಯ ಗಣಕಗಳಲ್ಲಿದೆ. ಕಡತದ 'ಪ್ರಾಪರ್ಟೀಸ್' ಎಂಬ ಪುಟವನ್ನು ತೆರೆದರೆ ಶೀರ್ಷಿಕೆ, ಟಿಪ್ಪಣಿಗಳಿಗೆ ಜಾಗ ಸಿಕ್ಕುತ್ತದೆ. ಕೆಲವು ಆ್ಯಪ್‌ಗಳಲ್ಲಿ ಬರೆದ ಟಿಪ್ಪಣಿಯಾದರೋ ಚಿತ್ರದೊಳಗೆ ಸೇರದೆ ಆ ಆ್ಯಪಿನ ಲೆಕ್ಕದಲ್ಲೇ ಉಳಿದುಬಿಡುತ್ತದೆ. ಆ್ಯಪು ಬದಲಾದರೆ ಹೆಸರುಗಳೂ ಹೋಗುತ್ತವೆ. ಆದುದರಿಂದ ಎಲ್ಲ ಹೆಸರುಗಳನ್ನೂ ಒಂದು ದಪ್ಪ ಕಾಗದದ ಮೇಲೆ ಅಚ್ಚು ಮಾಡಿಸಿ, ಪ್ರತಿಯೊಂದರ ಮುಂದೆ ಚಿತ್ರದ ಕಡತದ ಹೆಸರನ್ನೂ ಬರೆದು, ಕ್ರಯಪತ್ರವಿರುವ ಬೀರುವಿನಲ್ಲಿಯೇ ಇಡುವುದು ಕ್ಷೇಮ. ಅಜ್ಜಿಗೆ ಮಧ್ಯಾಹ್ನದ ನಿದ್ದೆಯ ಹೊತ್ತು ಮೀರದಂತೆ ನೋಡಿಕೊಂಡರೆ ಒಂದು ಸಲಕ್ಕೆ ಹತ್ತು ಹದಿನೈದು ಚಿತ್ರಗಳು ಮುಗಿಯುತ್ತವೆ.